ಸಣ್ಣ ಹಡಗು ಅಂದರೆ ಎಷ್ಟು ಸಣ್ಣದು? ಎಕ್ಸ್‌ಪೆಡಿಶನ್ ಕ್ರೂಸ್ ಅಧ್ಯಯನ ಟಿಪ್ಪಣಿ

ಎಕ್ಸ್‌ಪೆಡಿಶನ್ ಕ್ರೂಸ್ ಅಂದರೆ ಸಣ್ಣ ಹಡಗಿನಲ್ಲಿ ದೂರದ ಜಾಗಗಳಿಗೆ ಹೋಗಿ, ದಡಕ್ಕಿಳಿದು, ತಜ್ಞರ ಜೊತೆ ನೋಡಿ ಕಲಿಯುವ ಪ್ರವಾಸ. ಈ ಅಧ್ಯಾಯದಲ್ಲಿ ನಾನು ಎಡವಿದ್ದು ಒಂದೇ ಕಡೆ, ಹಡಗಿನ ಗಾತ್ರ ಹೇಳುವ ಟನೇಜ್ ಎಂಬ ಪದದಲ್ಲಿ. ಎರಡು ದಿನ ಅಲ್ಲೇ ಕೂತಿದ್ದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ಹಾಗಾಗಿ ಆ ಭಾಗ ಉದ್ದವಾಗಿದೆ. ಉಳಿದದ್ದನ್ನು ಓದಿದರೆ ನಿಮಗೇ ತಿಳಿಯುತ್ತದೆ.

ಹಿನ್ನೆಲೆ

1966ರಲ್ಲಿ ಪ್ರವಾಸ ಉದ್ಯಮಿ ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಅರ್ಜೆಂಟೀನಾ ನೌಕಾಪಡೆಯ ಹಡಗೊಂದನ್ನು ಬಾಡಿಗೆಗೆ ಹಿಡಿದು ಪ್ರವಾಸಿಗರನ್ನು ಅಂಟಾರ್ಕ್ಟಿಕಾಕ್ಕೆ ಕರೆದೊಯ್ದರು. ಇಂಥ ಪಯಣಕ್ಕೆಂದೇ ಕಟ್ಟಿಸಿದ 'ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್' 1969ರಲ್ಲಿ ಬಂತು. ಸುಮಾರು ನೂರು ಪ್ರಯಾಣಿಕರು, ಜೊತೆಗೆ ಪಾಠ ಹೇಳುವ ತಜ್ಞರು, ದಡಕ್ಕೆ ಒಯ್ಯಲು ಝೋಡಿಯಾಕ್ ಎಂಬ ಗಾಳಿ ತುಂಬಿದ ರಬ್ಬರ್ ದೋಣಿಗಳು. ಇಂದಿಗೂ ಮಾದರಿ ಅದೇ. ಆ ಹಡಗು 2007ರಲ್ಲಿ ಅಂಟಾರ್ಕ್ಟಿಕಾದ ಬಳಿ ಮಂಜುಗಡ್ಡೆಗೆ ಬಡಿದು ಮುಳುಗಿತು. ಅದರಲ್ಲಿದ್ದ 154 ಮಂದಿಯೂ ಬದುಕುಳಿದರು.

ಟನೇಜ್ ತೂಕವಲ್ಲ, ತೂಕವಲ್ಲ, ತೂಕವಲ್ಲ

ಹಡಗಿನ ವಿವರದಲ್ಲಿ 'ಗ್ರಾಸ್ ಟನೇಜ್ 2,800' ಎಂದು ಇದ್ದರೆ ಹಡಗು 2,800 ಟನ್ ತೂಗುತ್ತದೆ ಎಂದುಕೊಂಡಿದ್ದೆ. ತಪ್ಪು. ಅದು ಹಡಗಿನೊಳಗಿನ ಮುಚ್ಚಿದ ಜಾಗದ ಅಳತೆ. ಹಿಂದೆ ಯುರೋಪಿನಲ್ಲಿ ಒಂದು ಹಡಗು ಎಷ್ಟು ದ್ರಾಕ್ಷಾರಸದ ಪೀಪಾಯಿ ಹೊರುತ್ತದೆ ಎಂದು ಎಣಿಸುತ್ತಿದ್ದರು. ಆ ದೊಡ್ಡ ಪೀಪಾಯಿಯ ಹೆಸರು 'ಟನ್'. ತೂಕದ ಟನ್ನೂ ಅದೇ ಮೂಲದಿಂದ ಬಂದದ್ದು, ಅದಕ್ಕೇ ಈ ಗೊಂದಲ. ಪೀಪಾಯಿ ನೆನಪಿಟ್ಟುಕೊಂಡ ಮೇಲೆ ನಾನು ಮತ್ತೆ ತಪ್ಪಿಲ್ಲ.

ಈಗಿನ ಸೂತ್ರ 1969ರ ಅಂತರರಾಷ್ಟ್ರೀಯ ಒಪ್ಪಂದದ್ದು, ಜಾರಿಗೆ ಬಂದದ್ದು 1982ರಲ್ಲಿ. ಒಳಗಿನ ಒಟ್ಟು ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಳ್ಳಿ. ಅದರ ಲಾಗ್ (ಆಧಾರ 10) ಕಂಡುಹಿಡಿದು 0.02ರಿಂದ ಗುಣಿಸಿ, 0.2 ಕೂಡಿಸಿ. ಬಂದದ್ದು ಗುಣಕ. ಗುಣಕ × ಗಾತ್ರ = ಗ್ರಾಸ್ ಟನೇಜ್. ಉತ್ತರಕ್ಕೆ ಯಾವ ಮಾನವೂ ಇಲ್ಲ, ಪಕ್ಕದಲ್ಲಿ 'ಟನ್' ಎಂದು ಬರೆಯಬೇಡಿ. ಬರೆದು ಅಂಕ ಕಳೆದುಕೊಂಡವನು ಹೇಳುತ್ತಿದ್ದೇನೆ.

ಇದೆಲ್ಲ ಯಾಕೆ ಬೇಕು? ಹಡಗು ಎಷ್ಟು ವಿಶಾಲ ಎಂದು ಹೋಲಿಸಲು ಈ ಉದ್ಯಮದವರು ಟನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸುತ್ತಾರೆ. ಅದಕ್ಕೆ 'ಸ್ಪೇಸ್ ರೇಶಿಯೋ' ಎನ್ನುತ್ತಾರೆ. ಹೆಚ್ಚಿದ್ದಷ್ಟೂ ಐಷಾರಾಮಿ ಎಂಬುದು ಸಾಮಾನ್ಯ ನಂಬಿಕೆ. ಈಗ ಎರಡು ಕಾಲ್ಪನಿಕ ಹಡಗು ತೆಗೆದುಕೊಳ್ಳೋಣ.

ಮೊದಲನೆಯದು: ಗಾತ್ರ 10,000 ಘನ ಮೀಟರ್, 100 ಪ್ರಯಾಣಿಕರು. ಲಾಗ್ 4, ಗುಣಕ 0.28, ಟನೇಜ್ 2,800, ರೇಶಿಯೋ 28.

ಎರಡನೆಯದು: ಗಾತ್ರ 1,00,000 ಘನ ಮೀಟರ್, 1,000 ಪ್ರಯಾಣಿಕರು. ಲಾಗ್ 5, ಗುಣಕ 0.30, ಟನೇಜ್ 30,000, ರೇಶಿಯೋ 30.

ಎರಡರಲ್ಲೂ ತಲೆಗೆ 100 ಘನ ಮೀಟರೇ ಸಿಗುತ್ತಿದೆ. ಆದರೂ ದೊಡ್ಡ ಹಡಗಿಗೆ 30, ಸಣ್ಣದಕ್ಕೆ 28! ಇಲ್ಲೇ ನನ್ನ ಎರಡು ದಿನ ಹೋದದ್ದು. ಲೆಕ್ಕ ತಪ್ಪಿದೆ ಎಂದು ಮೂರು ಸಲ ಮಾಡಿದೆ. ಲೆಕ್ಕ ಸರಿಯಿತ್ತು. ಗಾತ್ರ ಹೆಚ್ಚಿದಂತೆ ಗುಣಕವೂ ತುಸು ಹೆಚ್ಚುತ್ತದೆ, ಹಾಗಾಗಿ ದೊಡ್ಡ ಹಡಗಿಗೆ ಎರಡು ಅಂಕ ಪುಕ್ಕಟೆ. ಸಣ್ಣ ಹಡಗನ್ನೂ ದೊಡ್ಡದನ್ನೂ ಈ ಒಂದು ಸಂಖ್ಯೆಯಿಂದ ಅಳೆದರೆ ಸಣ್ಣದಕ್ಕೆ ಅನ್ಯಾಯ. ಸಾಲದ್ದಕ್ಕೆ ಎಂಜಿನ್ ಕೋಣೆ, ಉಗ್ರಾಣ, ನಾಟಕಶಾಲೆ ಎಲ್ಲವೂ ಆ ಗಾತ್ರದೊಳಗೇ ಸೇರಿರುತ್ತವೆ. ನಿಮ್ಮ ಕ್ಯಾಬಿನ್ ಎಷ್ಟು ಅಗಲ ಎಂದು ರೇಶಿಯೋ ಹೇಳುವುದಿಲ್ಲ.

ದಡದ ಮೇಲೆ ನೂರು

ಅಂಟಾರ್ಕ್ಟಿಕಾ ಪ್ರವಾಸ ನಡೆಸುವ ಏಳು ಸಂಸ್ಥೆಗಳು 1991ರಲ್ಲಿ ಸೇರಿ ಇಯಾಟೋ ಎಂಬ ಸಂಘ ಕಟ್ಟಿಕೊಂಡವು. ನಿಯಮಗಳಲ್ಲಿ ನೆನಪಿಡಬೇಕಾದವು ಮೂರು: ಒಂದು ಜಾಗದಲ್ಲಿ ಏಕಕಾಲಕ್ಕೆ ನೂರಕ್ಕಿಂತ ಹೆಚ್ಚು ಪ್ರಯಾಣಿಕರು ಇಳಿದಿರಬಾರದು, ಪ್ರತಿ ಇಪ್ಪತ್ತು ಮಂದಿಗೆ ಒಬ್ಬ ಮಾರ್ಗದರ್ಶಿ ಇರಬೇಕು, 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತಿಲ್ಲ, ದೂರದಿಂದ ನೋಡಿ ಹೋಗಬೇಕು.

'ಏಕಕಾಲಕ್ಕೆ' ಎಂಬ ಪದಕ್ಕೆ ಅಡಿಗೆರೆ ಎಳೆಯಿರಿ. ನೂರು ಮಂದಿ ಹೋಗಿ, ಎಲ್ಲರೂ ವಾಪಸಾಗಿ, ಆಮೇಲೆ ಮುಂದಿನ ನೂರು ಎಂದಲ್ಲ. ಹತ್ತು ಮಂದಿಯ ಝೋಡಿಯಾಕ್ ದಡ ಬಿಟ್ಟರೆ ಹತ್ತು ಜಾಗ ಖಾಲಿ, ಇನ್ನು ಹತ್ತು ಮಂದಿ ಇಳಿಯಬಹುದು. ತುಂಬಿದ ಬಸ್ಸಿನಲ್ಲಿ ಇಳಿದಷ್ಟೇ ಜನ ಹತ್ತಿದ ಹಾಗೆ.

ನಾಲ್ಕು ಗಂಟೆ ದಡಕ್ಕೆ ಸಿಕ್ಕಿತು ಅನ್ನಿ. 100 ಮಂದಿಯ ಹಡಗಾದರೆ ಎಲ್ಲರಿಗೂ ಬಹುಮಟ್ಟಿಗೆ ಪೂರ್ತಿ ಸಮಯ. 200 ಆದರೆ ತಲಾ ಎರಡು ಗಂಟೆ. ಉಳಿದ ಅರ್ಧ ಮಂದಿ ಅಷ್ಟು ಹೊತ್ತು ದೋಣಿಯಲ್ಲಿ ಕೂತು ಹಿಮಗಡ್ಡೆಗಳ ನಡುವೆ ಸುತ್ತುತ್ತಾರೆ. 500 ಆದರೆ ತಲಾ 48 ನಿಮಿಷ, ಅದರಲ್ಲೂ ಓಡಾಟದ ಹೊತ್ತು ಕಳೆಯಬೇಕು. ಪೆಂಗ್ವಿನ್‌ನಿಂದ ಐದು ಮೀಟರ್ ದೂರ ನಿಂತು, ಅದು ತನ್ನ ಗೂಡಿಗೆ ಕಲ್ಲು ಹೊತ್ತು ತರುವುದನ್ನು ನೋಡುವ ತಾಳ್ಮೆ 48 ನಿಮಿಷದಲ್ಲಿ ಹುಟ್ಟುವುದಿಲ್ಲ.

ಹನ್ನೆರಡರ ದಡ

ಹಾಗಾದರೆ 100 ಮಂದಿಯ ಹಡಗು 'ಸಣ್ಣದು' ಎಂದು ಬರೆದುಕೊಂಡು ಪುಟ ತಿರುಗಿಸಿದ್ದೆ. ಮುಂದಿನ ಉದಾಹರಣೆ ಅದನ್ನೂ ಕೆಡಿಸಿತು.

ಕೆನಡಾದ ಪಶ್ಚಿಮ ಕರಾವಳಿಯಾಚೆ ಹೈಡಾ ಗ್ವಾಯ್ ದ್ವೀಪಸಮೂಹವಿದೆ, ಹೈಡಾ ಜನರ ನಾಡು. ಅದರ ದಕ್ಷಿಣದ ಸ್ಗಾಂಗ್ ಗ್ವಾಯ್‌ನಲ್ಲಿ ಹಳೆಯ ಊರೊಂದರ ಕೆತ್ತನೆಯ ಕಂಬಗಳು ಇನ್ನೂ ನಿಂತಿವೆ. 1981ರಿಂದ ಅದು ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಬೇಸಿಗೆಯಲ್ಲಿ 'ವಾಚ್‌ಮೆನ್' ಎಂದು ಕರೆಯುವ ಹೈಡಾ ಕಾವಲುಗಾರರು ಅಲ್ಲೇ ಇರುತ್ತಾರೆ. ರೇಡಿಯೋದಲ್ಲಿ ಕೇಳಿ, ಅವರು ಬನ್ನಿ ಎಂದ ಮೇಲೆ ಇಳಿಯಬೇಕು. ಏಕಕಾಲಕ್ಕೆ ಹನ್ನೆರಡೇ ಮಂದಿ. ಕಪ್ಪೆಚಿಪ್ಪುಗಳನ್ನು ಹಾಸಿ ಗುರುತಿಸಿದ ದಾರಿಯಲ್ಲೇ ನಡೆಯಬೇಕು.

ಲೆಕ್ಕ ಹಾಕಿ: 96 ಮಂದಿ ಇದ್ದರೆ ಎಂಟು ತಂಡ, ಅರ್ಧ ಗಂಟೆಯಂತೆ ನಾಲ್ಕು ಗಂಟೆ. ಅಂಟಾರ್ಕ್ಟಿಕಾದಲ್ಲಿ ಸಣ್ಣದೆನಿಸಿದ ಹಡಗು ಇಲ್ಲಿ ಭಾರೀ ಹಡಗು. ಸಣ್ಣದು ಯಾವುದೆಂದು ಗೊತ್ತುಮಾಡುವುದು ದಡ.

ಸಂಸ್ಕೃತಿ ಕಲಿಕೆ ಎಂದರೆ ಹಡಗಿನಲ್ಲಿ ಭಾಷಣ ಕೇಳುವುದು ಎಂದುಕೊಂಡಿದ್ದೆ. ಭಾಷಣ ಇರುತ್ತದೆ, ಅದು ತಯಾರಿ. ಆ ಕಂಬಗಳು ಕಾಲಕ್ರಮದಲ್ಲಿ ಬಾಗಿ, ಬಿದ್ದು, ಮಣ್ಣಿಗೆ ಮರಳಬೇಕು ಎಂಬುದು ಹೈಡಾ ಸಂಪ್ರದಾಯ. ಪಾಚಿ ಹಿಡಿದು ವಾಲಿದ ಕಂಬವನ್ನು ಕಂಡು 'ಅಯ್ಯೋ, ಯಾಕೆ ದುರಸ್ತಿ ಮಾಡಿಲ್ಲ' ಎನ್ನುವವರಿಗೆ ಉತ್ತರಿಸಲು ಅದೇ ಜನಾಂಗದ ಕಾವಲುಗಾರರು ಎದುರಿಗಿದ್ದಾರೆ. ಹನ್ನೆರಡು ಮಂದಿ ಇದ್ದಾಗ ಪ್ರಶ್ನೆ ಕೇಳಬಹುದು. ಅರವತ್ತು ಮಂದಿ ಇದ್ದರೆ ಮೈಕ್ ಬೇಕಾಗುತ್ತದೆ.

ಸದ್ದಿಲ್ಲದ ಐಷಾರಾಮ

ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಬರಬಹುದು. ಇಂಥ ಹಡಗುಗಳಲ್ಲಿ ಸಾಮಾನ್ಯವಾಗಿ ಕ್ಯಾಸಿನೋ ಇಲ್ಲ, ಉಡುಪಿನ ಕಟ್ಟುಪಾಡು ಇಲ್ಲ. ಬೂಟು ಕಳಚಿಡಲು, ಅದನ್ನು ಸೋಂಕುನಾಶಕದಲ್ಲಿ ತೊಳೆಯಲು ಮಡ್‌ರೂಮ್ ಇರುತ್ತದೆ. ಎಷ್ಟೋ ಹಡಗುಗಳಲ್ಲಿ ಕ್ಯಾಪ್ಟನ್ ನಿಂತಿರುವ ಬ್ರಿಡ್ಜ್‌ಗೂ ಹೋಗಿ ನಿಲ್ಲಬಹುದು. ಸಂಜೆ 'ರೀಕ್ಯಾಪ್' ಎಂದು ಅಂದು ಕಂಡದ್ದರ ಚರ್ಚೆ, ಊಟದ ಮೇಜಿಗೆ ಪಕ್ಷಿತಜ್ಞರೇ ಬಂದು ಕೂರುತ್ತಾರೆ. ನನ್ನ ಪ್ರಕಾರ ಇದರಲ್ಲಿ ದುಬಾರಿ ವಸ್ತು ಸಮಯ, ಹೊದಿಕೆಯ ಮೆತ್ತನೆಯಲ್ಲ. ಉತ್ತರಪತ್ರಿಕೆಯಲ್ಲಿ ಮಾತ್ರ ಹೊದಿಕೆಯನ್ನೂ ಬರೆಯಿರಿ.

ಅಭ್ಯಾಸಕ್ಕೆ

ಗಾತ್ರ 20,000 ಘನ ಮೀಟರ್, 150 ಪ್ರಯಾಣಿಕರು. ಟನೇಜ್, ರೇಶಿಯೋ, ಸ್ಗಾಂಗ್ ಗ್ವಾಯ್‌ಗೆ ಎಷ್ಟು ತಂಡ? (20,000ದ ಲಾಗ್ 4.301.) ನನಗೆ ಬಂದದ್ದು: ಸುಮಾರು 5,720; 38; ಹದಿಮೂರು ತಂಡ, ಕೊನೆಯದರಲ್ಲಿ ಆರೇ ಮಂದಿ. ನಾನು ಟಿಕೆಟ್ ತೆಗೆದುಕೊಂಡರೆ ಆ ಆರರಲ್ಲಿ ಸೇರಿಸಿ ಎಂದು ಕೇಳುತ್ತೇನೆ.