ಸೇವಾ ಹಡಗು ಹತ್ತುವ ಮೊದಲು ಸುತ್ತಿಗೆ ಹಿಡಿಯಿರಿ

"ಔಷಧಿ, ಪುಸ್ತಕ ಹೊತ್ತು ದ್ವೀಪಗಳಿಗೆ ಹೋಗುವ ಹಾಯಿಹಡಗಿಗೆ ಸ್ವಯಂಸೇವಕನಾಗಿ ಸೇರಬೇಕು ಸರ್, ಏನು ಮಾಡಲಿ?" ಹಡಗುಗಳ ತಪಾಸಣೆ ನನ್ನ ಕೆಲಸವಾದ್ದರಿಂದ ಈ ಪ್ರಶ್ನೆ ಆಗಾಗ ಬರುತ್ತದೆ. ಕೇಳುವವರಲ್ಲಿ ಹುಡುಗ ಹುಡುಗಿಯರೇ ಜಾಸ್ತಿ. ಎರಡು ವಾರ ರಜೆ ಹಾಕಿ, ಸಮುದ್ರವನ್ನೂ ನೋಡಿ, ನಾಲ್ಕು ಜನಕ್ಕೆ ಉಪಕಾರವನ್ನೂ ಮಾಡಿ ಬರೋಣ ಅನ್ನುವ ಆಸೆ ಅವರದು. ಆಸೆ ಒಳ್ಳೆಯದೇ. ಆದರೆ ಇರುವುದು ಎರಡೇ ವಾರ ಅಂತಾದರೆ ಯಾನಕ್ಕೆ ಹೋಗಬೇಡಿ, ರಿಪೇರಿಗೆ ಹೋಗಿ ಅನ್ನುತ್ತೇನೆ.

ವೇಗಾ ಎಂಬ ಹಡಗನ್ನೇ ನೋಡಿ. 1892ರಲ್ಲಿ ನಾರ್ವೆಯಲ್ಲಿ ಸರಕು ಸಾಗಿಸಲು ಕಟ್ಟಿದ ಮರದ ಹಾಯಿಹಡಗು ಅದು. ಶೇನ್ ಗ್ರೇಂಜರ್ ಮತ್ತು ಮೆಗಿ ಮಕೂನ್ ಇಬ್ಬರೂ ಸೇರಿ ಅದನ್ನು ದುರಸ್ತಿ ಮಾಡಿ ನಡೆಸಿದರು. 2004ರ ಸುನಾಮಿಯ ಬಳಿಕ ಸುಮಾತ್ರಾದ ಅಚೇ ಕರಾವಳಿಗೆ ನೆರವು ಹೊತ್ತು ಹೋದರು. ಆಮೇಲೆ ವರ್ಷಗಟ್ಟಲೆ ಇಂಡೊನೇಷ್ಯಾದ ಪೂರ್ವದ ದ್ವೀಪಗಳಿಗೂ ಪೂರ್ವ ತಿಮೋರ್‌ಗೂ ಶಾಲೆಯ ಸಾಮಾನು, ಹೆರಿಗೆ ಮಾಡಿಸುವ ದಾದಿಯರ ಕಿಟ್, ಸಣ್ಣ ಆಸ್ಪತ್ರೆಗಳ ಉಪಕರಣ ತಲುಪಿಸಿದರು. ಅವರ ಪದ್ಧತಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದಿದೆ. ಏನು ಬೇಕು ಅಂತ ಆಯಾ ದ್ವೀಪದ ಮೇಷ್ಟರನ್ನೂ ದಾದಿಯರನ್ನೂ ಕೇಳಿ ಪಟ್ಟಿ ಮಾಡಿಕೊಳ್ಳುತ್ತಿದ್ದರು. ಮುಂದಿನ ವರ್ಷ ಅದನ್ನೇ ತರುತ್ತಿದ್ದರು.

ಇದು ಸಣ್ಣ ಮಾತಲ್ಲ. ಅದೇ ಸುನಾಮಿಯ ನಂತರ ಅಚೇಗೆ ಸುಮಾರು 4,000 ಟನ್ ಔಷಧಿ ದಾನವಾಗಿ ಬಂದು ಬಿತ್ತು. ಎಷ್ಟೋ ಔಷಧಿ ಅಲ್ಲಿಗೆ ಬೇಕಾದದ್ದೇ ಆಗಿರಲಿಲ್ಲ. ಲೇಬಲ್ ಬಹುಪಾಲು ಅಲ್ಲಿನವರು ಓದಲಾಗದ ಭಾಷೆಯಲ್ಲಿತ್ತು. ಸುಮಾರು 600 ಟನ್ ನಾಶ ಮಾಡಬೇಕಾಯಿತು, ಅದಕ್ಕೂ ದುಡ್ಡು ಬೇಕಾಯಿತು. ದಾನದ ಔಷಧಿ ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಮನೆಯಲ್ಲಿ ಉಳಿದ ಮಾತ್ರೆಗಳನ್ನು ಕಟ್ಟಿಕೊಂಡು ದಯವಿಟ್ಟು ಹಡಗು ಹತ್ತಬೇಡಿ.

ಇನ್ನು ರಿಪೇರಿ. ಮರದ ಹಡಗಿಗೆ ಸಮುದ್ರದ ನೀರಿಗಿಂತ ಮಳೆನೀರೇ ದೊಡ್ಡ ಶತ್ರು ಅಂದರೆ ಹೊಸಬರು ನಂಬುವುದಿಲ್ಲ. ಉಪ್ಪು ಮರವನ್ನು ಕೊಳೆಯದಂತೆ ಕಾಯುತ್ತದೆ. ಸಿಹಿನೀರು ಡೆಕ್ಕಿನ ಸಂದಿಯಲ್ಲಿ ಇಳಿದು ನಿಂತರೆ ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ತೊಲೆ ಕೊಳೆಯುತ್ತದೆ. ಅದಕ್ಕೇ ನಾವು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತೇವೆ. ಗಟ್ಟಿ ಮರ ಖಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಅನುಮಾನ ಬಂದ ಕಡೆ ಚೂಪಾದ ಮೊಳೆ ಚುಚ್ಚಿ ನೋಡುತ್ತೇವೆ.

ನೀರಿನ ಕೆಳಗಿನ ಭಾಗದಲ್ಲಿ ಬೇರೆ ಕಾಟ. ಬೆಚ್ಚಗಿನ ಸಮುದ್ರದಲ್ಲಿ ಮರ ಕೊರೆಯುವ ಹಡಗುಹುಳ ಇರುತ್ತದೆ. ಅದು ನಮ್ಮ ಕರಾವಳಿಯಲ್ಲಿ ತಿನ್ನುವ ಚಿಪ್ಪಿನ ಜೀವಿ ಮರುವಾಯಿಯ ದೂರದ ನೆಂಟ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತು ಮಾಡಿ ಒಳಗೆ ಸೇರುತ್ತದೆ, ಒಳಗೇ ಬೆಳೆದು ಬೆರಳು ದಪ್ಪದ ಸುರಂಗ ಕೊರೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಹುಳ ಅಂಟದ ಬಣ್ಣವನ್ನು ಒಂದು ಅಂಗೈ ಜಾಗವೂ ಬಿಡದೆ ಬಳಿಯಬೇಕು ಅನ್ನುವುದು ಇದಕ್ಕೇ. ನಮ್ಮಲ್ಲಿ ಹಳೆಯ ದೋಣಿಗಳಿಗೆ ಬೂತಾಯಿ ಮೀನಿನ ಎಣ್ಣೆ ಸವರುತ್ತಿದ್ದುದೂ ಮರವನ್ನು ಉಳಿಸಿಕೊಳ್ಳುವುದಕ್ಕೇ ಅಲ್ವಾ?

ಸಂದಿ ತುಂಬುವ ಕೆಲಸಕ್ಕೆ ಜನ ಎಷ್ಟಿದ್ದರೂ ಸಾಲದು. ಹಲಗೆ ಹಲಗೆಯ ನಡುವೆ ಮೊದಲು ಹತ್ತಿಯ ಎಳೆ, ಅದರ ಮೇಲೆ ಎಣ್ಣೆ ಹಾಕಿದ ನಾರು. ಎರಡನ್ನೂ ಅಗಲ ಉಳಿಯಿಂದ ಹೊಡೆದು ಕೂರಿಸಬೇಕು. ಸಡಿಲವಾದರೆ ನೀರು ಬರುತ್ತದೆ. ಅತಿಯಾಗಿ ಬಿಗಿದರೆ ಹಲಗೆಯೇ ಜರುಗುತ್ತದೆ. ಹಡಗನ್ನು ದಡಕ್ಕೆ ಎಳೆದು ಜಾಸ್ತಿ ದಿನ ಬಿಟ್ಟರೆ ಬಿಸಿಲಿಗೆ ಹಲಗೆ ಒಣಗಿ ಸಂದಿ ಬಾಯಿ ಬಿಡುತ್ತದೆ. ಆದ್ದರಿಂದ ನೆರಳು ಕಟ್ಟಬೇಕು, ನೀರು ಹಾಕುತ್ತಿರಬೇಕು, ಕೆಲಸ ಬೇಗ ಮುಗಿಸಬೇಕು. ಮತ್ತೆ ನೀರಿಗಿಳಿಸಿದ ಮೊದಲ ದಿನಗಳಲ್ಲಿ ಹಡಗು ಸೋರುವುದು ಸಹಜ. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯುವ ಹಾಗೆ ಹಲಗೆ ನೀರು ಕುಡಿದು ಉಬ್ಬುತ್ತದೆ, ಸಂದಿ ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಹಗಲೂ ರಾತ್ರಿ ಪಂಪಿನ ಹತ್ತಿರ ಒಬ್ಬರು ಇರಲೇಬೇಕು. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳ, ಅಂದರೆ ಮರದ ಸರಕು ಹಡಗುಗಳ, ಖಲಾಸಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಮಂಜಿ ಓಡುವುದಿಲ್ಲ, ರಿಪೇರಿಗೆ ಅವರಿಗೆ ಸಿಗುವ ಕಾಲ ಅದೇ. ಮರದ ಹಡಗು ಹೇಗಿರುತ್ತದೆ ಅಂತ ನೋಡಬೇಕಾದರೆ ಮೊದಲು ಅಲ್ಲಿಗೆ ಹೋಗಿ, ಕೇಳಿ ಒಪ್ಪಿಗೆ ಪಡೆದು ಸ್ವಲ್ಪ ಹೊತ್ತು ನಿಂತು ನೋಡಿ.

ಇಂಥ ಕೆಲಸಕ್ಕೆ ಎರಡು ವಾರದ ಕೈ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕೆರೆಯುವುದು, ಉಜ್ಜುವುದು, ಬಣ್ಣ ಬಳಿಯುವುದು, ಹಾಯಿ ಹೊಲಿಯುವುದು, ಹಗ್ಗ ಬದಲಿಸುವುದು ಎಲ್ಲವನ್ನೂ ಒಂದೆರಡು ದಿನದಲ್ಲಿ ಕಲಿಯಬಹುದು. ಎಲೆಕ್ಟ್ರಿಷಿಯನ್, ವೆಲ್ಡರ್, ಬಡಗಿ, ಡೀಸೆಲ್ ಮೆಕ್ಯಾನಿಕ್ ಆಗಿದ್ದರಂತೂ ಕ್ಯಾಪ್ಟನ್ ನಿಮ್ಮನ್ನು ಬಿಡುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಿಸಲು ಕೊಡುವ ಆಕ್ಸಿಟೋಸಿನ್ ಅನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಹಡಗಿನ ಬ್ಯಾಟರಿಯ ಒಂದು ವೈರು ತುಕ್ಕು ಹಿಡಿದು ಫ್ರಿಜ್ ನಿಂತರೆ ಆ ಔಷಧಿಯ ಶಕ್ತಿ ಕುಗ್ಗುತ್ತದೆ, ನೋಡಿದರೆ ಮಾತ್ರ ಗೊತ್ತಾಗುವುದಿಲ್ಲ. ಆ ವೈರನ್ನು ಬಂದರಿನಲ್ಲೇ ಬದಲಿಸಿದ ಹುಡುಗಿ ಒಂದು ದಿನವೂ ಸಮುದ್ರಕ್ಕೆ ಹೋಗದಿರಬಹುದು. ಆದರೂ ದ್ವೀಪದ ಬಾಣಂತಿಗೆ ಅವಳಿಂದ ಆಗುವ ಉಪಕಾರ ದೊಡ್ಡದು.

ದಡದ ಕೆಲಸದಲ್ಲಿ ಅಪಾಯ ಇಲ್ಲ ಅಂತ ಮಾತ್ರ ತಿಳಿಯಬೇಡಿ. ಹಳೆಯ ಹಡಗಿನ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಿದರೆ ಆ ಧೂಳು ಶ್ವಾಸಕ್ಕೆ ಹೋಗುತ್ತದೆ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸುವುದು ಲಂಗರಿನ ಸರಪಳಿ ತುಂಬುವ ಸಣ್ಣ ಕೋಣೆ. ಕಬ್ಬಿಣ ತುಕ್ಕು ಹಿಡಿಯುವಾಗ ಗಾಳಿಯಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮುಚ್ಚಿಟ್ಟ ಕೋಣೆಗೆ ಇಳಿದವನು ಕೂಗಲೂ ಆಗದೆ ಬೀಳುತ್ತಾನೆ. ಅವನನ್ನು ಎತ್ತಲು ಓಡಿ ಇಳಿದವನೂ ಬೀಳುತ್ತಾನೆ. ಪ್ರಪಂಚದ ಎಷ್ಟೋ ಹಡಗುಗಳಲ್ಲಿ ಹೀಗೆ ಜೋಡಿ ಸಾವು ಆಗಿವೆ. ಗಾಳಿ ಆಡಿಸದೆ, ಆಮ್ಲಜನಕದ ಮೀಟರ್‌ನಲ್ಲಿ ಪರೀಕ್ಷಿಸದೆ, ಮೇಲೆ ಒಬ್ಬರನ್ನು ನಿಲ್ಲಿಸದೆ ಯಾರು ಹೇಳಿದರೂ ಇಳಿಯಬೇಡಿ. ಕ್ಯಾಪ್ಟನ್ ಹೇಳಿದರೂ.

ಯಾನದ ಲೆಕ್ಕವೇ ಬೇರೆ. ಹೊಸಬರಲ್ಲಿ ಹೆಚ್ಚಿನವರಿಗೆ ಮೊದಲ ಎರಡು ಮೂರು ದಿನ ವಾಂತಿ, ತಲೆಸುತ್ತು. ನಂತರ ಯಾವ ಹಗ್ಗ ಯಾವ ಹಾಯಿಗೆ ಅಂತ ಕಲಿಯಬೇಕು. ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು, ಮತ್ತೆ ಕಾವಲು. ಕತ್ತಲಲ್ಲಿ ದೀಪವಿಲ್ಲದ ಮೀನುದೋಣಿಗಳನ್ನು ಕಣ್ಣಿಟ್ಟು ನೋಡಬೇಕು, ತಳದ ನೀರು ಏರಿದೆಯಾ ಅಂತ ಗಂಟೆಗೊಮ್ಮೆ ಇಣುಕಬೇಕು. ಇದೆಲ್ಲ ಕೈಗೆ ಹತ್ತುವಷ್ಟರಲ್ಲಿ ಎರಡು ವಾರ ಮುಗಿದಿರುತ್ತದೆ. ಸಣ್ಣ ಹಡಗಿನಲ್ಲಿ ಒಬ್ಬರ ಹಾಸಿಗೆ, ಕುಡಿಯುವ ನೀರು, ಊಟ ಅಂದರೆ ಅಷ್ಟು ಸಾಮಾನು ಕಡಿಮೆ ಅಂತಲೇ ಅರ್ಥ. ಗಾಳಿಯಂತೂ ನಿಮ್ಮ ರಜೆ ಕೇಳಿ ಬೀಸುವುದಿಲ್ಲ. ವೇಗಾ ಹೋಗುತ್ತಿದ್ದ ದ್ವೀಪಗಳ ಸಮುದ್ರದಲ್ಲಿ ವರ್ಷದ ಅರ್ಧ ಆಗ್ನೇಯದ ಗಾಳಿ, ಇನ್ನರ್ಧ ವಾಯವ್ಯದ್ದು. 2021ರ ಏಪ್ರಿಲ್‌ನಲ್ಲಿ ಸೆರೋಜಾ ಚಂಡಮಾರುತ ಅಲ್ಲಿನ ಫ್ಲೋರೆಸ್, ತಿಮೋರ್ ದ್ವೀಪಗಳ ಸುತ್ತಮುತ್ತ ಎಷ್ಟು ಜನರನ್ನು ಬಲಿ ತೆಗೆದುಕೊಂಡಿತು ಅಂತ ನೆನೆದರೆ, ಹಡಗು ಬಂದರಿನಲ್ಲಿ ಕಾಯುತ್ತಿದೆ ಅಂತ ಯಾರೂ ಗೊಣಗುವುದಿಲ್ಲ.

ಎರಡು ಮೂರು ತಿಂಗಳು ಬಿಡುವು ಮಾಡಿಕೊಳ್ಳಬಲ್ಲವರು ಖಂಡಿತ ಯಾನಕ್ಕೆ ಹೋಗಿ. ಹೋಗುವ ಮೊದಲು ಎಸ್‌ಟಿಸಿಡಬ್ಲ್ಯೂ (ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಮಾನದಂಡ) ಮೂಲ ಸುರಕ್ಷತಾ ತರಬೇತಿ ಮುಗಿಸಿಕೊಂಡರೆ ಒಳ್ಳೆಯದು. ಬೆಂಕಿ ಆರಿಸುವುದು, ನೀರಿಗೆ ಬಿದ್ದರೆ ಬದುಕುವುದು, ಪ್ರಥಮ ಚಿಕಿತ್ಸೆ ಎಲ್ಲ ಅದರಲ್ಲಿ ಬರುತ್ತದೆ. ಸಂಬಳವಿಲ್ಲದ ಸೇವೆ ಅಂದ ಮಾತ್ರಕ್ಕೆ ಪ್ರವಾಸಿ ವೀಸಾ ಸಾಕು ಅಂದುಕೊಳ್ಳಬೇಡಿ, ಆಯಾ ದೇಶದ ನಿಯಮ ಕೇಳಿಕೊಳ್ಳಿ.

ಕ್ಯಾಪ್ಟನ್‌ಗೆ ಬರೆಯುವಾಗ ಮೂರು ಪ್ರಶ್ನೆ ಕೇಳಿ. ಹಡಗನ್ನು ಕೊನೆಯ ಸಲ ನೀರಿನಿಂದ ಮೇಲೆತ್ತಿ ತಳ ಪರೀಕ್ಷಿಸಿದ್ದು ಯಾವಾಗ? ಲೈಫ್ ರಾಫ್ಟ್ (ಹಡಗು ಮುಳುಗಿದರೆ ಹತ್ತುವ ತೆಪ್ಪ) ಸರ್ವಿಸ್ ಆದ ದಿನಾಂಕ ಯಾವುದು? ನನಗೆ ಪೆಟ್ಟಾದರೆ ಆಸ್ಪತ್ರೆಗೆ ಸಾಗಿಸುವ ಖರ್ಚು ಯಾವ ವಿಮೆಯಲ್ಲಿ ಬರುತ್ತದೆ? ಒಳ್ಳೆಯ ಕ್ಯಾಪ್ಟನ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಕಾಗದಪತ್ರದ ಸಮೇತ ಉತ್ತರ ಕೊಡುತ್ತಾರೆ. "ಅದೆಲ್ಲ ಆಮೇಲೆ ನೋಡೋಣ, ಮೊದಲು ಬನ್ನಿ" ಅಂದರೆ ಟಿಕೆಟ್ ಮಾಡಿಸಬೇಡಿ.