ಜೈವಿಕ ಗೊಬ್ಬರ: ಪೊಟ್ಟಣದೊಳಗೆ ಉಸಿರಾಡುವ ಗೊಬ್ಬರ

ಗೊಬ್ಬರ ಎಂದೊಡನೆ ತಿಪ್ಪೆಯೋ ಯೂರಿಯಾ ಚೀಲವೋ ಕಣ್ಣಿಗೆ ಕಟ್ಟುತ್ತದೆ. ಎರಡರಲ್ಲೂ ಗಿಡಕ್ಕೆ ಬೇಕಾದ ಸತ್ವವಿದೆ. ನಾವು ಹಾಕುತ್ತೇವೆ, ಗಿಡ ಹೀರುತ್ತದೆ. ಜೈವಿಕ ಗೊಬ್ಬರದ ಪೊಟ್ಟಣದಲ್ಲಿ ಅಂಥ ಸತ್ವ ಹುಡುಕಿದರೆ ಲೆಕ್ಕಕ್ಕೆ ಸಿಗುವಷ್ಟೂ ಇರದು. ಅದರಲ್ಲಿರುವುದು ಪೀಟ್ (ಜೌಗಿನಲ್ಲಿ ಅರೆಕೊಳೆತ ಸಸ್ಯ) ಅಥವಾ ಲಿಗ್ನೈಟ್ (ಕಂದು ಕಲ್ಲಿದ್ದಲು) ಪುಡಿಗೆ ಅಂಟಿಕೊಂಡು ಜೀವ ಹಿಡಿದಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳು, ಇಲ್ಲವೇ ಶಿಲೀಂಧ್ರದ ಬೀಜಕಗಳು. ಗಿಡದ ಊಟವನ್ನು ಗಾಳಿಯಿಂದಲೋ ಮಣ್ಣಿನಿಂದಲೋ ಹೊಂದಿಸಿಕೊಡುವ ಕೆಲಸ ಇವುಗಳದು. ಊಟಕ್ಕಿಂತ ಅಡುಗೆಯವರಿಗೆ ಒಪ್ಪುವ ಹೆಸರು ಬೇಕಿತ್ತು. ನಮಗೆ ಸಿಕ್ಕಿದ್ದು ‘ಗೊಬ್ಬರ’. ಅಣುಜೀವಿ ಗೊಬ್ಬರ, ಜೀವಾಣು ಗೊಬ್ಬರ ಎಂಬ ಹೆಸರುಗಳೂ ಬಳಕೆಯಲ್ಲಿವೆ, ಅವು ತುಸು ಹೆಚ್ಚು ನಿಖರ.

ಸಾವಯವ ಗೊಬ್ಬರವನ್ನೂ ಇದನ್ನೂ ಒಂದೇ ಎಂದುಕೊಳ್ಳುವವರು ಬಹಳ. ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್, ಹಿಂಡಿ ಇವೆಲ್ಲ ಒಂದು ಕಾಲಕ್ಕೆ ಜೀವವಿದ್ದ ವಸ್ತುಗಳಿಂದ ಬಂದವು. ಜೈವಿಕ ಗೊಬ್ಬರ ಈಗಲೂ ಜೀವಂತ. ಬಳಸುವ ರೀತಿಯೆಲ್ಲ ಈ ಒಂದು ವ್ಯತ್ಯಾಸದ ಮೇಲೆಯೇ ನಿಂತಿದೆ.

ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕ. ಆದರೂ ಅದೇ ಗಾಳಿಯಲ್ಲಿ ನಿಂತ ಗಿಡ ಸಾರಜನಕವಿಲ್ಲದೆ ಹಳದಿಯಾಗುತ್ತದೆ. ಗಾಳಿಯ ಸಾರಜನಕದಲ್ಲಿ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುತ್ತವೆ. ಆ ಬಿಗಿತ ಬಿಡಿಸುವ ಶಕ್ತಿ ಗಿಡಕ್ಕಿಲ್ಲ. ಕಾರ್ಖಾನೆಗಳು ಅದನ್ನು ಬಿಡಿಸಿ ಅಮೋನಿಯಾ ಮಾಡುವುದು ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ನೂರಕ್ಕೂ ಹೆಚ್ಚು ಪಟ್ಟು ವಾಯುಭಾರದ ಒತ್ತಡದಲ್ಲಿ. ಕೆಲವು ಬ್ಯಾಕ್ಟೀರಿಯಾಗಳು ಅದೇ ಕೆಲಸವನ್ನು ನೈಟ್ರೋಜಿನೇಸ್ ಎಂಬ ಕಿಣ್ವದ ನೆರವಿನಿಂದ ಹೊಲದ ಮಣ್ಣಿನಲ್ಲೇ, ಸದ್ದಿಲ್ಲದೆ ಮಾಡಿಬಿಡುತ್ತವೆ. ಎಷ್ಟು ಬಾರಿ ಓದಿದರೂ ನನಗೆ ಇದು ಹಳತಾಗಿಲ್ಲ.

ಇವುಗಳಲ್ಲಿ ರೈಜೋಬಿಯಂ ಹೆಸರುವಾಸಿ. ದ್ವಿದಳ ಸಸ್ಯದ ಬೇರು ಮಣ್ಣಿಗೆ ಫ್ಲೇವನಾಯ್ಡ್ ಎಂಬ ರಾಸಾಯನಿಕಗಳನ್ನು ಸೂಸುತ್ತದೆ. ಹತ್ತಿರದ ರೈಜೋಬಿಯಂ ಅದನ್ನು ಗುರುತಿಸಿ ತನ್ನದೊಂದು ಸಂಕೇತ ಕಳಿಸುತ್ತದೆ. ಕೂಡಲೇ ಬೇರಿನ ರೋಮ ಕೊಕ್ಕೆಯಂತೆ ಮುರುಟಿ ಬ್ಯಾಕ್ಟೀರಿಯಾವನ್ನು ಒಳಗೆ ಕರೆದುಕೊಳ್ಳುತ್ತದೆ, ಅಲ್ಲೊಂದು ಗಂಟು ಬೆಳೆಯುತ್ತದೆ. ಗಂಟಿನೊಳಗೆ ಗಿಡ ಸಕ್ಕರೆ ಕೊಡುತ್ತದೆ, ಬ್ಯಾಕ್ಟೀರಿಯಾ ಸಾರಜನಕ ಕೊಡುತ್ತದೆ. ಸಂಕೇತ ಹೊಂದದಿದ್ದರೆ ಸಂಬಂಧ ಕುದುರದು: ಬಟಾಣಿಗೆ ಒಗ್ಗುವ ತಳಿ ಸೋಯಾ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ಹಾಗಾಗಿ ಪೊಟ್ಟಣದ ಮೇಲೆ ಯಾವ ಬೆಳೆಗೆಂದು ಬರೆದಿದೆ ಎಂಬುದನ್ನು ಓದಲೇಬೇಕು.

ದ್ವಿದಳ ಬೆಳೆದ ನೆಲ ಹದವಾಗುತ್ತದೆ ಎಂಬುದು ರೈತರಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಏಕೆಂದು ತಿಳಿದದ್ದು 1886ರಲ್ಲಿ, ಗಂಟಿನ ಗುಟ್ಟನ್ನು ಜರ್ಮನಿಯ ಹೆಲ್ರೀಗಲ್ ಮತ್ತು ವಿಲ್ಫಾರ್ತ್ ಹೊರಗೆಡವಿದಾಗ. 1888ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಹತ್ತು ವರ್ಷ ತುಂಬುವ ಮೊದಲೇ ಜರ್ಮನಿಯ ನೊಬ್ಬೆ ಮತ್ತು ಹಿಲ್ಟ್ನರ್ ‘ನೈಟ್ರಾಜಿನ್’ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದರು.

ಗಂಟು ಕಟ್ಟದೆ ಸಾರಜನಕ ಕೊಡುವವೂ ಇವೆ. ಅಜೋಟೋಬ್ಯಾಕ್ಟರ್ ಮಣ್ಣಿನಲ್ಲಿ ಸ್ವತಂತ್ರವಾಗಿರುತ್ತದೆ, ಅಜೋಸ್ಪಿರಿಲಂ ಏಕದಳ ಬೆಳೆಗಳ ಬೇರಿಗೆ ಹೊಂದಿಕೊಂಡಿರುತ್ತದೆ, ಅಜೋಲಾ ಎಂಬ ನೀರಿನ ಜರೀಗಿಡ ತನ್ನ ಎಲೆಯ ಪೊಟರೆಯಲ್ಲಿ ನೀಲಿ ಹಸಿರು ಪಾಚಿಯನ್ನು ಸಾಕಿಕೊಂಡಿರುತ್ತದೆ. ರೈಜೋಬಿಯಂನಷ್ಟು ಭರವಸೆಯನ್ನು ಸ್ವತಂತ್ರ ಜೀವಿಗಳ ಮೇಲೆ ಇಡಬಾರದು. ಸಕ್ಕರೆಯ ನೇರ ಪೂರೈಕೆ ಇಲ್ಲದ ಅವುಗಳಿಂದ ಬರುವ ಪಾಲು ಕಡಿಮೆ.

ರಂಜಕದ ಕತೆ ಬೇರೆ. ಅದು ಮಣ್ಣಿನಲ್ಲಿದ್ದರೂ ಸುಣ್ಣ, ಕಬ್ಬಿಣ, ಅಲ್ಯೂಮಿನಿಯಂ ಜತೆ ಗಟ್ಟಿಯಾಗಿ ಕೂತಿರುತ್ತದೆ. ಬ್ಯಾಸಿಲಸ್ ಮತ್ತು ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾಗಳ ಕೆಲವು ತಳಿಗಳು ಆಮ್ಲ ಸ್ರವಿಸಿ ಅದನ್ನು ಕರಗಿಸುತ್ತವೆ. ಮೈಕೊರೈಜಾ ಶಿಲೀಂಧ್ರವಾದರೆ ಬೇರಿನಿಂದ ಹೊರಕ್ಕೆ ಕೂದಲಿಗಿಂತ ತೆಳುವಾದ ಎಳೆಗಳನ್ನು ಚಾಚಿ, ಬೇರು ತಲುಪದ ಸಂದಿಯಿಂದಲೂ ರಂಜಕ ತಂದುಕೊಡುತ್ತದೆ. ಈ ಸಾಂಗತ್ಯಕ್ಕೆ 40 ಕೋಟಿ ವರ್ಷ ದಾಟಿದ ಪಳೆಯುಳಿಕೆಯ ಸಾಕ್ಷಿಯಿದೆ. ಆದರೆ ಸಾಸಿವೆ, ಎಲೆಕೋಸಿನ ಕುಟುಂಬದ ಗಿಡಗಳು ಸಾಮಾನ್ಯವಾಗಿ ಇದರ ಸ್ನೇಹ ಮಾಡುವುದಿಲ್ಲ. ಅವುಗಳಿಗೆ ಮೈಕೊರೈಜಾ ಹಾಕಿ ಫಲ ಕಾಯುವುದು ವ್ಯರ್ಥ.

ಜೀವ ಇರುವುದೆಲ್ಲಕ್ಕೂ ಆಯುಸ್ಸಿದೆ. ಪುಡಿರೂಪದ್ದು ಸಾಮಾನ್ಯವಾಗಿ ಆರು ತಿಂಗಳವರೆಗೆ ಚೆನ್ನಾಗಿರುತ್ತದೆ, ಅದೂ ತಂಪಿನಲ್ಲಿಟ್ಟರೆ. ಬಿಸಿಲಿಗಿಟ್ಟ ಪೊಟ್ಟಣ ಕೊನೆಗೆ ಬರೀ ಪುಡಿ. ಬೀಜಕ್ಕೆ ಲೇಪಿಸಿದರೆ ನೆರಳಲ್ಲಿ ಆರಿಸಿ ಬೇಗ ಬಿತ್ತಬೇಕು; ಶಿಲೀಂಧ್ರನಾಶಕದ ಜತೆ ಕಲಸಬಾರದು. ಯೂರಿಯಾ ಧಾರಾಳವಾಗಿ ಸುರಿದ ನೆಲದಲ್ಲಿ ಗಂಟುಗಳೂ ಕಡಿಮೆ, ಏಕೆಂದರೆ ಸುಲಭವಾಗಿ ಸಾರಜನಕ ಸಿಗುವಾಗ ಗಿಡ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಖರ್ಚು ಮಾಡುವುದಿಲ್ಲ.

ರೈಜೋಬಿಯಂ ಫಲಿಸಿದೆಯೋ ಇಲ್ಲವೋ ತಿಳಿಯಲು ಪ್ರಯೋಗಾಲಯ ಬೇಡ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣಿನ ಹೆಂಟೆ ಸಮೇತ ಅಗೆದು, ಬೇರು ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ. ನೈಟ್ರೋಜಿನೇಸ್‌ಗೆ ಆಮ್ಲಜನಕ ಆಗದು, ಬ್ಯಾಕ್ಟೀರಿಯಾಕ್ಕೆ ಅದಿಲ್ಲದೆ ಆಗದು. ಹಾಗಾಗಿ ಗಂಟು ನಮ್ಮ ರಕ್ತದ ಹಿಮೋಗ್ಲೋಬಿನ್ ಕುಲದ್ದೇ ಆದ ಲೆಗ್‌ಹಿಮೋಗ್ಲೋಬಿನ್ ತಯಾರಿಸಿ ಆಮ್ಲಜನಕವನ್ನು ಅಳೆದಳೆದು ಕೊಡುತ್ತದೆ. ಒಳಗೆ ಅದರ ಗುಲಾಬಿ ಬಣ್ಣ ಕಂಡರೆ ಕೆಲಸ ನಡೆಯುತ್ತಿದೆ. ಬೂದು ಅಥವಾ ಹಸಿರು ಕಂಡರೆ ನಿಂತಿದೆ.