ಸಿನಾಪ್ಸನ್ನು ನೋಡಬೇಕು, ಕೆಡಿಸಬಾರದು

ಸತ್ತ ಮಿದುಳಿನಲ್ಲಿ ಒಂದು ಪ್ರೋಟೀನ್ ಎಲ್ಲಿದೆ ಎಂದು ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಅಂಗಾಂಶವನ್ನು ಫಾರ್ಮಾಲ್ಡಿಹೈಡ್‌ನಲ್ಲಿ ಗಟ್ಟಿ ಮಾಡುತ್ತಾರೆ. ಡಿಟರ್ಜೆಂಟ್ ಹಾಕಿ ಕೋಶದ ಪೊರೆಯಲ್ಲಿ ತೂತು ಮಾಡುತ್ತಾರೆ. ಆಮೇಲೆ ಹೊಳೆಯುವ ಬಣ್ಣ ಅಂಟಿಸಿದ ಆಂಟಿಬಾಡಿ ಬಿಟ್ಟರೆ ಆಯಿತು, ಅದು ಹೋಗಿ ಆ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಆದರೆ ಸಿಗುವುದು ಒಂದೇ ಕ್ಷಣದ ಚಿತ್ರ. ಏನಾದರೂ ಕಲಿಯುವಾಗ ಯಾವ ಸಿನಾಪ್ಸ್ ಬಲವಾಯಿತು, ಯಾವುದು ಸೊರಗಿತು ಎಂದು ತಿಳಿಯಲು ಅದೇ ಸಿನಾಪ್ಸನ್ನು ಇವತ್ತೂ ನೋಡಬೇಕು, ನಾಳೆಯೂ ನೋಡಬೇಕು. ಅಂಗಾಂಶ ಬದುಕಿರಬೇಕು. ಬದುಕಿರುವ ಕೋಶದೊಳಕ್ಕೆ ಆಂಟಿಬಾಡಿ ತಾನಾಗಿ ನುಗ್ಗುವುದಿಲ್ಲ.

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗವೇ ಸಿನಾಪ್ಸ್. ನಡುವಿನ ಸಂದು ಸುಮಾರು 20 ನ್ಯಾನೋಮೀಟರ್. ಸುದ್ದಿ ಪಡೆಯುವ ಕಡೆಯಲ್ಲಿ ಪ್ರೋಟೀನ್‌ಗಳು ಒತ್ತೊತ್ತಾಗಿ ಸೇರಿಕೊಂಡಿರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಪಿಎಸ್‌ಡಿ-95. ಸುದ್ದಿ ಹೊತ್ತು ತರುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹಿಡಿಯುವ ಗ್ರಾಹಕಗಳು ಅಲ್ಲಿ ನೆಲೆ ನಿಲ್ಲಲು ಇದರ ಆಸರೆ ಬೇಕು. ಒಂದು ಸಿನಾಪ್ಸಿನಲ್ಲಿ ಇದರ ಪ್ರತಿಗಳು ಇರುವುದು ಸರಾಸರಿ 300ರಷ್ಟು ಮಾತ್ರ. ಮುಂದಿನ ತಾಪತ್ರಯವೆಲ್ಲ ಶುರುವಾಗುವುದು ಈ ಸಣ್ಣ ಲೆಕ್ಕದಿಂದಲೇ.

1962ರಲ್ಲಿ ಒಸಾಮು ಶಿಮೊಮುರಾ ಜೆಲ್ಲಿ ಮೀನಿನಿಂದ ಹಸಿರಾಗಿ ಹೊಳೆಯುವ ಜಿಎಫ್‌ಪಿ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಅದರ ಜೀನ್ ಸೇರಿಸಿದರೆ ಬೇರೆ ಜೀವಿಯೂ ಹೊಳೆಯುತ್ತದೆ ಎಂದು ಮಾರ್ಟಿನ್ ಚಾಲ್ಫಿ 1994ರಲ್ಲಿ ತೋರಿಸಿದರು. ರೋಜರ್ ಚೆನ್ ಅದಕ್ಕೆ ಹಲವು ಬಣ್ಣ ಕೊಟ್ಟರು. 2008ರಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಇನ್ನೇನು, ಪಿಎಸ್‌ಡಿ-95ರ ಜೀನಿಗೆ ಜಿಎಫ್‌ಪಿ ಜೋಡಿಸಿ ನರಕೋಶಕ್ಕೆ ಹಾಕಿದರೆ ಸಿನಾಪ್ಸ್‌ಗಳು ಹೊಳೆಯಬೇಕಲ್ವಾ?

ಹೊಳೆಯುತ್ತವೆ. ಆದರೆ ಹೊರಗಿನಿಂದ ಹಾಕಿದ ಜೀನ್ ತನ್ನ ಪಾಡಿಗೆ ಬೇಕಾಬಿಟ್ಟಿ ಪ್ರೋಟೀನ್ ತಯಾರಿಸುತ್ತದೆ. ಪಿಎಸ್‌ಡಿ-95 ಜಾಸ್ತಿಯಾದರೆ ಗ್ರಾಹಕಗಳೂ ಜಾಸ್ತಿ ಬಂದು ಸೇರುತ್ತವೆ, ಸಿನಾಪ್ಸೇ ಬಲವಾಗುತ್ತದೆ. ಜ್ವರ ನೋಡಲು ಇಟ್ಟ ಥರ್ಮಾಮೀಟರೇ ಜ್ವರ ತರಿಸಿದ ಹಾಗೆ! ಹಾಗಾಗಿ ಈ ಕ್ಷೇತ್ರದಲ್ಲಿ ನಿಜವಾದ ಜಾಣತನ ಕಾಣುವುದು ಹೊಳಪು ಹೆಚ್ಚಿಸುವುದರಲ್ಲಲ್ಲ, ಹಸ್ತಕ್ಷೇಪ ಕಡಿಮೆ ಮಾಡುವುದರಲ್ಲಿ.

ನನಗೆ ತುಂಬಾ ಇಷ್ಟವಾದ ಉಪಾಯ 2013ರದ್ದು. ಡಾನ್ ಅರ್ನಾಲ್ಡ್ ಅವರ ತಂಡ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿನ ಒಂದು ತುಣುಕನ್ನು ತಿದ್ದಿ, ಕೋಶದಲ್ಲಿ ಮೊದಲೇ ಇರುವ ಪಿಎಸ್‌ಡಿ-95ಕ್ಕೆ ಹೋಗಿ ಅಂಟುವಂತೆ ಮಾಡಿತು. ಇದಕ್ಕೆ ಫಿಂಗರ್ ಎಂದು ಹೆಸರು. ಇದರ ಬೆನ್ನಿಗೆ ಜಿಎಫ್‌ಪಿ ಇರುತ್ತದೆ. ಅಂಟಲು ಜಾಗ ಸಿಗದೆ ಉಳಿದ ಪ್ರತಿಗಳು ಸುಮ್ನೆ ಅಲೆಯುವುದಿಲ್ಲ. ಕೋಶಕೇಂದ್ರಕ್ಕೆ ಹೋಗಿ ತಮ್ಮದೇ ಜೀನಿನ ಕೆಲಸ ನಿಲ್ಲಿಸುತ್ತವೆ. ಬೇಕಾದಷ್ಟು ತಯಾರಾದ ಮೇಲೆ ತಯಾರಿ ತಾನಾಗಿ ನಿಂತುಹೋಗುತ್ತದೆ. ಸಿನಾಪ್ಸಿನಾಚೆ ಬೇಡದ ಹೊಳಪೂ ಕಡಿಮೆ.

ಇನ್ನೊಂದು ದಾರಿ ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರ. ಕೋಶದ ಸ್ವಂತ ಜೀನಿಗೇ ಬಣ್ಣದ ತುಣುಕು ಸೇರಿಸಿದರೆ ಹೆಚ್ಚುವರಿ ಪ್ರತಿಗಳ ಮಾತೇ ಬರುವುದಿಲ್ಲ. ಇಲ್ಲಿ ತುಣುಕನ್ನು ಎಲ್ಲಿ ಸೇರಿಸುತ್ತೇವೆ ಎನ್ನುವುದು ಮುಖ್ಯ. ಪಿಎಸ್‌ಡಿ-95 ತನ್ನ ಆರಂಭದ ತುದಿಯಿಂದ ಪೊರೆಗೆ ಅಂಟಿಕೊಳ್ಳುತ್ತದೆ. ಅಲ್ಲಿ ಜಿಎಫ್‌ಪಿ ಕಟ್ಟಿದರೆ ಹಿಡಿತ ತಪ್ಪುತ್ತದೆ, ಅದಕ್ಕೇ ಕೊನೆಯ ತುದಿಗೆ ಕಟ್ಟುತ್ತಾರೆ.

ಗ್ಲುಟಮೇಟ್‌ನ ಆಂಪಾ ಗ್ರಾಹಕಗಳಲ್ಲಿ ಇದು ತಿರುವುಮುರುವು, ಕೋಶದ ಹೊರಗೆ ಚಾಚಿಕೊಂಡಿರುವ ಆರಂಭದ ತುದಿಯೇ ಅನುಕೂಲ. ಅಲ್ಲಿಗೆ ಜಿಎಫ್‌ಪಿಯ ಒಂದು ವಿಶೇಷ ರೂಪ ಸೇರಿಸುತ್ತಾರೆ. ಅದು ಆಮ್ಲೀಯ ವಾತಾವರಣದಲ್ಲಿ ಮಂಕಾಗುತ್ತದೆ. ಕೋಶದೊಳಗಿನ ಆಮ್ಲೀಯ ಚೀಲಗಳಲ್ಲಿರುವ ಗ್ರಾಹಕ ಹೆಚ್ಚುಕಮ್ಮಿ ಕಾಣುವುದೇ ಇಲ್ಲ, ಮೇಲ್ಮೈಗೆ ಬಂದ ಕೂಡಲೇ ಬೆಳಗುತ್ತದೆ. ಕೆಲಸದಲ್ಲಿರುವ ಗ್ರಾಹಕಗಳನ್ನಷ್ಟೇ ಎಣಿಸಬೇಕೆಂದರೆ ಇದಕ್ಕಿಂತ ಇನ್ನೇನು ಬೇಕು? ರಿಚರ್ಡ್ ಹುಗನೀರ್ ಅವರ ತಂಡ 2021ರಲ್ಲಿ ಇಂಥ ಗ್ರಾಹಕಗಳಿರುವ ಇಲಿಗಳನ್ನು ಬೆಳೆಸಿ, ಬದುಕಿರುವ ಮಿದುಳಿನಲ್ಲಿ ಲಕ್ಷಗಟ್ಟಲೆ ಸಿನಾಪ್ಸ್‌ಗಳ ಮೇಲೆ ಕಣ್ಣಿಟ್ಟಿತು.

ಮಿದುಳಿನ ಒಳಗೆ ನೋಡಲು ಬೇಕಾದ ಎರಡು-ಫೋಟಾನ್ ಸೂಕ್ಷ್ಮದರ್ಶಕ 1990ರಲ್ಲೇ ಬಂದಿತ್ತು. ಅವಗೆಂಪು ಬೆಳಕು ಅಂಗಾಂಶದಲ್ಲಿ ಕಡಿಮೆ ಚದುರುವುದರಿಂದ ನೂರಾರು ಮೈಕ್ರೋಮೀಟರ್ ಆಳಕ್ಕೆ ಹೋಗಿ ನೋಡಬಹುದು. ಆದರೂ ಒಂದೊಂದು ಸಿನಾಪ್ಸ್ ಕಾಣುವುದು ಮಸುಕಾದ ಚುಕ್ಕೆಯಾಗಿ. ಬೆಳಕು ಜಾಸ್ತಿ ಮಾಡಿದರೆ ಬಣ್ಣ ಮಾಸುತ್ತದೆ, ಕೋಶಕ್ಕೂ ಪೆಟ್ಟು.

ಜಿಎಫ್‌ಪಿ ಬೇಗ ಮಾಸುತ್ತದೆ ಎನ್ನುವವರಿಗೆ ಹ್ಯಾಲೊಟ್ಯಾಗ್ ಎಂಬ ಪ್ರೋಟೀನ್ ಇದೆ. ಇದು ತಾನು ಹೊಳೆಯುವುದಿಲ್ಲ, ಹೊರಗಿನಿಂದ ಕೊಟ್ಟ ಬಣ್ಣವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಗಾತ್ರದಲ್ಲಿ ಜಿಎಫ್‌ಪಿಗಿಂತ ತುಸು ದೊಡ್ಡದು, ಅದು ತೆರಬೇಕಾದ ಬೆಲೆ. ಆದರೆ ಬಣ್ಣ ಯಾವಾಗ ಕೊಡಬೇಕು ಎನ್ನುವುದು ನಮ್ಮ ಕೈಯಲ್ಲಿರುತ್ತದೆ. ಒಮ್ಮೆ ಬಣ್ಣ ಕೊಟ್ಟು ಕಾದರೆ, ಉಳಿದ ಹೊಳಪೆಲ್ಲ ಹಳೆಯ ಪ್ರೋಟೀನಿನದು. ಸೇತ್ ಗ್ರಾಂಟ್ ಅವರ ತಂಡ ಪಿಎಸ್‌ಡಿ-95ಕ್ಕೆ ಹ್ಯಾಲೊಟ್ಯಾಗ್ ಕಟ್ಟಿದ ಇಲಿಗಳಿಗೆ ಬದುಕಿರುವಾಗಲೇ ಬಣ್ಣ ಕೊಟ್ಟು, ಬೇರೆ ಬೇರೆ ದಿನ ಮಿದುಳು ತೆಗೆದು ನೋಡಿತು. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪಿಎಸ್‌ಡಿ-95 ಕೆಲವು ಸಿನಾಪ್ಸ್‌ಗಳಲ್ಲಿ ಕೆಲವೇ ಗಂಟೆ ಬಾಳುತ್ತದೆ, ಇನ್ನು ಕೆಲವಲ್ಲಿ ತಿಂಗಳುಗಟ್ಟಲೆ. ಇಲಿಗೆ ವಯಸ್ಸಾದಂತೆ ಅದರ ಆಯಸ್ಸೂ ಹೆಚ್ಚುತ್ತದೆ.